ಸೋಲಾರ್ ಪಂಪ್‌ಸೆಟ್: ಬಯಲುಸೀಮೆಯ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಹಿರಿಯೂರು, ಚಳ್ಳಕೆರೆ, ಶಿರಾ, ಪಾವಗಡದ ಕಡೆ ಹೊಲದಲ್ಲಿ ನಿಂತು ಮಾತಾಡುವಾಗ, ಫೋನಿನಲ್ಲಿ, ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾಲ್ಕೈದು ಎಕರೆ ಜಮೀನು, ಒಂದು ಬೋರು ಇಲ್ಲವೇ ಒಂದು ಕೃಷಿ ಹೊಂಡ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದು. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ ಓದಿಕೊಳ್ಳಬಹುದು.

## ಮೊದಲು ಇಷ್ಟು ತಿಳಿದಿರಲಿ

ಇದರಲ್ಲಿ ಬ್ಯಾಟರಿ ಇರುತ್ತಾ? ರಾತ್ರಿ ಮೋಟರ್ ಓಡುತ್ತಾ?

ಬ್ಯಾಟರಿ ಇರುವುದಿಲ್ಲ, ರಾತ್ರಿ ಓಡುವುದಿಲ್ಲ. ಸೋಲಾರ್ ಪ್ಲೇಟಿನಿಂದ (ಪ್ಯಾನೆಲ್) ಬಂದ ಕರೆಂಟ್ ಕಂಟ್ರೋಲರ್ ಪೆಟ್ಟಿಗೆಗೆ ಹೋಗುತ್ತದೆ, ಅಲ್ಲಿಂದ ನೇರ ಮೋಟರ್‌ಗೆ. ಬಿಸಿಲು ಏರಿದ ಹಾಗೆ ಮೋಟರ್ ವೇಗ ಏರುತ್ತದೆ, ಇಳಿದ ಹಾಗೆ ಇಳಿಯುತ್ತದೆ. ಸಾಮಾನ್ಯವಾಗಿ ಬೆಳಗ್ಗೆ 8-9ಕ್ಕೆ ನೀರು ಶುರುವಾಗಿ ಸಂಜೆ 4-5ಕ್ಕೆ ನಿಲ್ಲುತ್ತದೆ. ಮಧ್ಯೆ 11ರಿಂದ 2ರ ತನಕ ಪೂರ್ತಿ ಜೋರು.

ರಾತ್ರಿ ನೀರು ಬೇಕೇ ಬೇಕು ಅನ್ನುವವರು ಬ್ಯಾಟರಿಗೆ ದುಡ್ಡು ಸುರಿಯುವ ಬದಲು ಒಂದು ತೊಟ್ಟಿ ಕಟ್ಟಿಸಿಕೊಳ್ಳಿ. ಹಗಲು ಎತ್ತಿದ ನೀರು ಅಲ್ಲಿ ಕೂತಿರುತ್ತದೆ, ಯಾವಾಗ ಬೇಕಾದರೂ ಬಿಟ್ಟುಕೊಳ್ಳಬಹುದು. ತೊಟ್ಟಿಗೆ ವಯಸ್ಸಾಗುವುದೂ ನಿಧಾನ.

ಮೋಡ ಕವಿದರೆ, ಮಳೆಗಾಲದಲ್ಲಿ ಏನು ಗತಿ?

ತೆಳುಮೋಡ ಇದ್ದರೆ ನೀರು ಕಡಿಮೆಯಾಗುತ್ತದೆ, ದಟ್ಟ ಮೋಡ ಇದ್ದರೆ ಆಳದ ಬೋರಿನಿಂದ ನೀರು ಮೇಲಕ್ಕೇ ಬರುವುದಿಲ್ಲ. ಮೋಟರ್ ತಿರುಗುವ ಸದ್ದು ಇರುತ್ತದೆ, ಪೈಪಿನಲ್ಲಿ ನೀರಿಲ್ಲ. ಹಾಗಾದರೆ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಅಷ್ಟು ಎತ್ತರಕ್ಕೆ ನೀರು ತಳ್ಳಲು ಬೇಕಾದ ವೇಗ ಸಿಗುತ್ತಿಲ್ಲ, ಅಷ್ಟೇ.

ಜೂನ್‌ನಿಂದ ಆಗಸ್ಟ್‌ವರೆಗೆ ಬಯಲುಸೀಮೆಯಲ್ಲಿ ಮಳೆ ಬರದಿದ್ದರೂ ಮೋಡ ಮಾತ್ರ ಬರುತ್ತದೆ, ಅದೇ ಕಿರಿಕಿರಿ. ಮುಂಗಾರು ಕೈಕೊಟ್ಟು, ಮೋಡವೂ ಬಿಡದ ಹತ್ತು ಹದಿನೈದು ದಿನ ಪೈರನ್ನು ಹೇಗೆ ಕಾಯುತ್ತೀರಿ ಅಂತ ಮೊದಲೇ ಯೋಚಿಸಿಕೊಂಡಿರಬೇಕು. ತೊಟ್ಟಿ ಅಥವಾ ಹೊಂಡ ಇದ್ದವರು ದಾಟುತ್ತಾರೆ. ಇಲ್ಲದವರಿಗೆ ಕಷ್ಟ.

ಕರೆಂಟ್ ಫ್ರೀ ಕೊಡ್ತಾರಲ್ಲ, ನನಗ್ಯಾಕೆ ಸೋಲಾರ್?

ಒಳ್ಳೆ ಪ್ರಶ್ನೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ನಿಮ್ಮ ಹೊಲದ ಹತ್ತಿರ ಟಿಸಿ (ಟ್ರಾನ್ಸ್‌ಫಾರ್ಮರ್) ಇದ್ದು, ಹಗಲು ಹೊತ್ತಿನಲ್ಲಿ ತ್ರೀ ಫೇಸ್ ಸರಿಯಾಗಿ ಬರುತ್ತಿದ್ದರೆ ಸೋಲಾರ್‌ಗೆ ಹಾರಬೇಕಾದ ತುರ್ತು ಇಲ್ಲ. ಇದನ್ನು ನೇರವಾಗಿಯೇ ಹೇಳುತ್ತೇನೆ.

ಆದರೆ ಎಷ್ಟು ಜನಕ್ಕೆ ಹಾಗಿದೆ? ದಿನಕ್ಕೆ ಏಳು ಗಂಟೆ ಅಂತ ಹೇಳುವ ತ್ರೀ ಫೇಸ್ ಅರ್ಧ ಹಗಲು, ಅರ್ಧ ರಾತ್ರಿ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹಾವು ಹುಳ ನೋಡಿಕೊಂಡು ಹೋಗಿ ಗೇಟ್‌ವಾಲ್ವ್ ತಿರುಗಿಸಬೇಕು. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದು ವೈಂಡಿಂಗ್ ಸುಡುತ್ತದೆ. ಮೋಟರ್ ಎತ್ತುವ ಕೂಲಿ, ರಿವೈಂಡಿಂಗ್, ಮತ್ತೆ ಇಳಿಸುವ ಕೂಲಿ ಎಲ್ಲ ಸೇರಿಸಿ ನೋಡಿದರೆ ಫ್ರೀ ಕರೆಂಟ್ ಅಷ್ಟೇನೂ ಫ್ರೀ ಅಲ್ಲ. ಟಿಸಿ ಸುಟ್ಟರಂತೂ ಅದು ಬರುವ ತನಕ ಬೆಳೆ ಕಾಯುವುದಿಲ್ಲ. ಜೊತೆಗೆ ಇರುವ ಲೈನಿನಿಂದ 500 ಮೀಟರ್‌ಗಿಂತ ದೂರದ ಹೊಲಗಳಿಗೆ ಹೊಸ ಕಂಬ ಎಳೆಸುವುದಕ್ಕಿಂತ ಸೋಲಾರ್ ಹಾಕಿಸಿಕೊಳ್ಳಿ ಅಂತ ಸರ್ಕಾರವೇ ಹೇಳುತ್ತಿದೆ. ಇನ್ನು ಡೀಸೆಲ್ ಎಂಜಿನ್ ಇಟ್ಟುಕೊಂಡವರ ಲೆಕ್ಕ ಸುಲಭ. 5 ಎಚ್‌ಪಿ ಎಂಜಿನ್ ಗಂಟೆಗೆ ಹತ್ತಿರಹತ್ತಿರ ಒಂದು ಲೀಟರ್ ಕುಡಿಯುತ್ತದೆ. ಅವರು ಯೋಚಿಸುವುದೇ ಬೇಡ.

ಸೋಲಾರ್ ಹಾಕಿಸಿದರೆ ಬೋರ್‌ನಲ್ಲಿ ನೀರು ಜಾಸ್ತಿ ಬರುತ್ತಾ?

ಬರುವುದಿಲ್ಲ. ಸೋಲಾರ್ ಕರೆಂಟ್ ಕೊಡುತ್ತದೆ, ನೀರು ಕೊಡುವುದು ನೆಲ. ಒಂದು ಇಂಚು ನೀರಿನ ಬೋರ್ ಸೋಲಾರ್ ಹಾಕಿದ ಮೇಲೂ ಒಂದು ಇಂಚಿನದ್ದೇ. ಈ ಮಾತು ಯಾರಿಗೂ ಇಷ್ಟವಾಗುವುದಿಲ್ಲ. ಆದರೂ ಕೆಳಗಿನ ಅರ್ಧ ಉತ್ತರಗಳು ನಿಂತಿರುವುದು ಇದರ ಮೇಲೇ.

ಬೇಸಿಗೆಯಲ್ಲಿ ಬಿಸಿಲು ಸುಡ್ತದೆ. ಆಗ ಇನ್ನೂ ಜೋರಾಗಿ ಓಡಬೇಕಲ್ವಾ?

ಪ್ಲೇಟಿಗೆ ಬೇಕಾದ್ದು ಬೆಳಕು, ಬಿಸಿ ಅಲ್ಲ. 25 ಡಿಗ್ರಿಗಿಂತ ಒಂದೊಂದು ಡಿಗ್ರಿ ಏರಿದಾಗಲೂ ಪ್ಲೇಟಿನ ಶಕ್ತಿ ಸುಮಾರು ಶೇ. 0.35ರಿಂದ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಲೇಟಿನ ಬೆನ್ನು 60 ಡಿಗ್ರಿ ದಾಟುತ್ತದೆ, ಅಂದರೆ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಅಲ್ಲೇ ಹೋಯಿತು. ಆದರೂ ಬೆಳಕು ಜಾಸ್ತಿ ಇರುವುದರಿಂದ ಫೆಬ್ರವರಿಯಿಂದ ಮೇ ತನಕದ ದಿನಗಳೇ ವರ್ಷದಲ್ಲಿ ಚೆನ್ನ.

## ಅಳತೆ, ಲೆಕ್ಕ

ನನ್ನ ಬೋರ್ 600 ಅಡಿ ಇದೆ. ಎಷ್ಟು ಎಚ್‌ಪಿ ತಗೊಳ್ಳಲಿ?

ಬೋರ್ ಎಷ್ಟು ಅಡಿ ಕೊರೆಸಿದ್ದೀರಿ ಅನ್ನುವುದರಿಂದ ಎಚ್‌ಪಿ ಗೊತ್ತಾಗುವುದಿಲ್ಲ. ಎರಡು ಸಂಗತಿ ಬೇಕು: ಮೋಟರ್ ಓಡುತ್ತಿರುವಾಗ ನೀರು ಎಷ್ಟು ಅಡಿಯಲ್ಲಿ ನಿಲ್ಲುತ್ತದೆ ಮತ್ತು ಬೋರ್ ಗಂಟೆಗೆ ಎಷ್ಟು ನೀರು ಕೊಡುತ್ತದೆ. ಎರಡನ್ನೂ ನೀವೇ ಅಳೆಯಬಹುದು.

ಮೊದಲು ನೀರಿನ ಮಟ್ಟ. ಮೋಟರ್ ಎತ್ತುವಾಗ ಪೈಪ್ ಎಣಿಸುತ್ತಾರಲ್ಲ, 20 ಅಡಿಯ ಪೈಪ್ 25 ಇಳಿದಿದ್ದರೆ ಮೋಟರ್ 500 ಅಡಿಯಲ್ಲಿದೆ. ಆದರೆ ನೀರು ಅಷ್ಟು ಕೆಳಗೆ ಇರಬೇಕಂತಿಲ್ಲ. ಕೇಸಿಂಗ್ ಪಕ್ಕದ ಸಂದಿಯಲ್ಲಿ ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು ನೋಡುತ್ತಾರೆ. ದಾರ ಕೇಬಲ್‌ಗೆ ಸಿಕ್ಕಿಕೊಂಡರೆ ತಲೆನೋವು, ಹಾಗಾಗಿ ಬೋರ್ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಮೋಟರ್ ನಾಲ್ಕು ಗಂಟೆ ಓಡಿದ ಮೇಲೆ ಸಿಗುವ ಮಟ್ಟವೇ ಲೆಕ್ಕಕ್ಕೆ ಬರುವುದು.

ಆಮೇಲೆ ನೀರು. 200 ಲೀಟರ್ ಡ್ರಮ್ ತಂದು ಪೈಪಿನ ಬಾಯಿಗೆ ಇಡಿ. ಮೊಬೈಲ್‌ನಲ್ಲಿ ಸಮಯ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್. ಮೋಟರ್ ಹಾಕಿದ ತಕ್ಷಣ ಅಳೆಯಬೇಡಿ, ರಾತ್ರಿಯೆಲ್ಲ ಬೋರಿನಲ್ಲಿ ನಿಂತಿದ್ದ ನೀರು ಮೊದಲು ಜೋರಾಗಿ ಬಂದು ನಿಮಗೆ ಸುಳ್ಳು ಹೇಳುತ್ತದೆ. ನಾಲ್ಕೈದು ಗಂಟೆ ಬಿಟ್ಟು ಅಳೆಯಿರಿ. ಆದಷ್ಟೂ ಏಪ್ರಿಲ್-ಮೇನಲ್ಲಿ ಅಳೆಯಿರಿ.

ಈಗ ಲೆಕ್ಕ ನೋಡಿ. ನಿಮ್ಮ 600 ಅಡಿ ಬೋರಿನಲ್ಲಿ ಓಡುವಾಗಿನ ಮಟ್ಟ 350 ಅಡಿ ಅಂತಿಟ್ಟುಕೊಳ್ಳೋಣ. ತೊಟ್ಟಿಯ ಎತ್ತರ, ಪೈಪಿನ ಘರ್ಷಣೆ ಸೇರಿ 115 ಮೀಟರ್ ಆಯಿತು. 5 ಎಚ್‌ಪಿ ಸೆಟ್‌ಗೆ 4,800 ವ್ಯಾಟ್ ಪ್ಲೇಟ್ ಬರುತ್ತದೆ, ಒಳ್ಳೆ ದಿನ 20 ಯೂನಿಟ್ ಆಸುಪಾಸು. ಅಷ್ಟರಲ್ಲಿ 28 ಸಾವಿರ ಲೀಟರ್ ಎತ್ತಬಹುದು. ಆದರೆ ನಿಮ್ಮ ಬೋರ್ ಗಂಟೆಗೆ 3,000 ಲೀಟರ್‌ನಂತೆ ಏಳು ಗಂಟೆಗೆ ಕೊಡುವುದೇ 21 ಸಾವಿರ. 3,000 ವ್ಯಾಟ್ ಪ್ಲೇಟ್ ಇರುವ 3 ಎಚ್‌ಪಿ ಸೆಟ್‌ 18 ಸಾವಿರ ಎತ್ತುತ್ತದೆ. ಅಂದಮೇಲೆ 3 ಎಚ್‌ಪಿ ಸಾಕು. ಪಕ್ಕದವರು 7.5 ಹಾಕಿಸಿದರು ಅಂತ ನೀವೂ ಹಾಕಿಸಿದರೆ ದಿನಾ ಮಧ್ಯಾಹ್ನ ಬೋರ್ ಒಣಗುತ್ತದೆ.

5 ಎಚ್‌ಪಿ ಸೋಲಾರ್‌ನಲ್ಲಿ ಎಷ್ಟು ಎಕರೆಗೆ ನೀರು ಹಾಯಿಸಬಹುದು?

ಬೋರಿನಲ್ಲಿ ಕೊರತೆ ಇಲ್ಲ ಅಂದುಕೊಂಡರೆ, 200 ಅಡಿ ಎತ್ತರಕ್ಕೆ ದಿನಕ್ಕೆ ಸುಮಾರು 50 ಸಾವಿರ ಲೀಟರ್, 330 ಅಡಿಗೆ 30 ಸಾವಿರದ ಮೇಲೆ, 500 ಅಡಿಗೆ 20 ಸಾವಿರ. ಎತ್ತರ ಎರಡರಷ್ಟಾದರೆ ನೀರು ಅರ್ಧ, ಇಷ್ಟು ನೆನಪಿದ್ದರೆ ಸಾಕು.

ಬೆಳೆಯ ಕಡೆಯಿಂದ ನೋಡಿ. ಒಂದು ಎಕರೆಗೆ ಒಂದು ಮಿಲಿಮೀಟರ್ ನೀರು ಅಂದರೆ 4,000 ಲೀಟರ್. ಬೇಸಿಗೆ ಟೊಮೆಟೊ ಜೋರು ಕಾಯಿ ಹಿಡಿದಾಗ ದಿನಕ್ಕೆ 5 ಮಿಲಿಮೀಟರ್ ಕೇಳುತ್ತದೆ, ಅಂದರೆ ಡ್ರಿಪ್‌ನಲ್ಲೂ ಎಕರೆಗೆ 20 ಸಾವಿರ ಲೀಟರ್. ದಾಳಿಂಬೆ ಎಕರೆಗೆ 300 ಗಿಡ, ಬೆಳೆದ ಗಿಡಕ್ಕೆ 30-40 ಲೀಟರ್ ಅಂದರೂ 10-12 ಸಾವಿರ. ಶೇಂಗಾಕ್ಕೆ ಮಳೆ ಕೈಕೊಟ್ಟಾಗ ಒಂದು ಸಲ 40 ಮಿಲಿಮೀಟರ್ ಕೊಟ್ಟು ಉಳಿಸಿಕೊಳ್ಳಬೇಕು ಅಂದರೆ ಎಕರೆಗೆ 1.6 ಲಕ್ಷ ಲೀಟರ್, 30 ಸಾವಿರ ಎತ್ತುವ ಸೆಟ್‌ಗೆ ಐದಾರು ದಿನದ ಕೆಲಸ.

ಹಾಯಿ ನೀರು ಬಿಟ್ಟರೆ ಈ ಲೆಕ್ಕವೆಲ್ಲ ಕೆಡುತ್ತದೆ. ಸೋಲಾರ್‌ನ ಬೆಳಗಿನ ಸಣ್ಣ ನೀರು ಕಾಲುವೆಯಲ್ಲೇ ಇಂಗಿಹೋಗುತ್ತದೆ, ಹೊಲದ ಕೊನೆ ಮುಟ್ಟುವುದೇ ಇಲ್ಲ. ಡ್ರಿಪ್ ಇಲ್ಲದೆ ಸೋಲಾರ್ ಹಾಕಿಸುವುದು ದಂಡ ಅಂತಲೇ ನನ್ನ ಅಭಿಪ್ರಾಯ.

ನಮ್ಮದು ಕೋಲಾರದ ಕಡೆ, ಸಾವಿರ ಅಡಿ ದಾಟಿದೆ. ಆಗುತ್ತಾ?

ಎತ್ತಬಹುದು, ಆದರೆ ಸ್ವಲ್ಪ. ಓಡುವಾಗಿನ ಮಟ್ಟವೇ ಸಾವಿರ ಅಡಿ ಇದ್ದರೆ, 7.5 ಎಚ್‌ಪಿಯ 6,750 ವ್ಯಾಟ್ ಪ್ಲೇಟ್ ಇಟ್ಟರೂ ದಿನಕ್ಕೆ 15 ಸಾವಿರ ಲೀಟರ್ ಸಿಕ್ಕರೆ ಹೆಚ್ಚು. ಅರ್ಧ ಮುಕ್ಕಾಲು ಎಕರೆ ತರಕಾರಿ, ಇಲ್ಲವೇ ಒಂದು ಎಕರೆ ಹಣ್ಣಿನ ಗಿಡ. ದನಕರು, ಮನೆ ಬಳಕೆ, ಸಣ್ಣ ರೇಷ್ಮೆ ತೋಟಕ್ಕೆ ಸರಿ. ನಾಲ್ಕು ಎಕರೆಗೆ ಅಂತ ಯಾರಾದರೂ ಮಾತು ಕೊಟ್ಟರೆ ಬರೆದುಕೊಡಿ ಅನ್ನಿ.

ಕೃಷಿ ಹೊಂಡಕ್ಕೆ 5 ಎಚ್‌ಪಿ ಹಾಕಿಸಲಾ?

ಬೇಡ. 21 ಮೀಟರ್ ಉದ್ದ, 21 ಅಗಲ, 3 ಮೀಟರ್ ಆಳದ ಹೊಂಡದಲ್ಲಿ, ಬದಿಗಳು ಇಳಿಜಾರಾಗಿರುವುದರಿಂದ, ಹಿಡಿಸುವುದು ಹೆಚ್ಚೆಂದರೆ 8ರಿಂದ 10 ಲಕ್ಷ ಲೀಟರ್. 900 ವ್ಯಾಟ್ ಪ್ಲೇಟಿನ 1 ಎಚ್‌ಪಿ ಮೇಲ್ಮೈ ಪಂಪ್ ಒಳ್ಳೆ ಬಿಸಿಲಿನಲ್ಲಿ 10 ಮೀಟರ್ ಎತ್ತರಕ್ಕೆ ದಿನಕ್ಕೆ 70-80 ಸಾವಿರ ಲೀಟರ್ ಎತ್ತುತ್ತದೆ. ತುಂಬಿದ ಹೊಂಡ ಹದಿನೈದು ದಿನದೊಳಗೆ ಖಾಲಿ! ಇನ್ನು 5 ಎಚ್‌ಪಿ ಯಾಕೆ?

ಹೊಂಡಕ್ಕೆ ನಿಜವಾದ ಕಳ್ಳ ಬಿಸಿಲು. ಬೇಸಿಗೆಯಲ್ಲಿ ದಿನಕ್ಕೆ 5-6 ಮಿಲಿಮೀಟರ್ ಆವಿಯಾದರೂ ಆ ಅಳತೆಯ ಹೊಂಡದಿಂದ ಎರಡು ಸಾವಿರ ಲೀಟರ್‌ಗಿಂತ ಜಾಸ್ತಿ ಹೋಗುತ್ತದೆ. ಹಾಗಾಗಿ ಮಳೆಗಾಲದ ಹೊಂಡದ ನೀರನ್ನು ಮೇ ತಿಂಗಳಿಗೆ ಅಂತ ಎತ್ತಿಟ್ಟು ಕೂರಬೇಡಿ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮಳೆ ನಡುವೆ ನಿಂತಾಗ ಎರಡು ಸಲ ಕೊಟ್ಟರೆ ರಾಗಿ, ಶೇಂಗಾ, ಈರುಳ್ಳಿ ಉಳಿಯುತ್ತದೆ. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ ಮಾಡಿಸಿದ ಎಷ್ಟೋ ಜನ ಹೀಗೇ ಬಳಸುತ್ತಿದ್ದಾರೆ.

ಎಸಿ ತಗೊಳ್ಳಲಾ, ಡಿಸಿ ತಗೊಳ್ಳಲಾ?

ಪ್ಲೇಟಿನಿಂದ ಬರುವ ಕರೆಂಟ್ ಡಿಸಿ, ಲೈನಿನಲ್ಲಿ ಬರುವುದು ಎಸಿ. ಮೋಟರ್ ಎರಡು ಬಗೆಯದ್ದೂ ಸಿಗುತ್ತದೆ. ಕಾಗದದ ಮೇಲೆ ಡಿಸಿ ಮೇಲು, ಅದೇ ಬಿಸಿಲಿಗೆ ಹತ್ತರಲ್ಲಿ ಒಂದು ಪಾಲು ನೀರು ಜಾಸ್ತಿ ಕೊಡುತ್ತದೆ. ಆದರೆ ಡಿಸಿ ಮೋಟರ್ ಕೆಟ್ಟರೆ ಹತ್ತಿರದ ಪೇಟೆಯ ರಿವೈಂಡಿಂಗ್ ಅಂಗಡಿಯವರು ಕೈ ಇಡುವುದಿಲ್ಲ, ಕಂಪನಿಗೇ ಹೋಗಬೇಕು. ಎಸಿ ಮೋಟರ್ ಆದರೆ ಬೆಳಗ್ಗೆ ಕೊಟ್ಟು ಮರುದಿನ ತರಬಹುದು. ನೀರು ಬಹಳ ಮೇಲೆ ಇದ್ದು, ಸಣ್ಣ ಸೆಟ್ ಸಾಕು ಅನ್ನುವವರಿಗೆ ಡಿಸಿ. ಆಳದ ಬೋರಿನವರಿಗೆ ನಾನು ಎಸಿಯನ್ನೇ ಹೇಳುತ್ತೇನೆ.

ಇರುವ ಮೋಟರ್‌ಗೇ ಪ್ಲೇಟ್ ಜೋಡಿಸಿದರೆ ದುಡ್ಡು ಉಳಿಯಲ್ವಾ?

ಜೋಡಿಸಬಹುದು, ಸೋಲಾರ್ ಡ್ರೈವ್ ಅಂತ ಸಿಗುತ್ತದೆ. ಆದರೆ ನಿಮ್ಮ ತ್ರೀ ಫೇಸ್ ಮೋಟರ್ 415 ವೋಲ್ಟ್‌ನದ್ದು. ಅಷ್ಟು ವೋಲ್ಟೇಜ್ ತಯಾರಾಗಬೇಕಾದರೆ ಪ್ಲೇಟಿನ ಕಡೆಯಿಂದ 580ರ ಆಸುಪಾಸು ಡಿಸಿ ವೋಲ್ಟ್ ಬೇಕು. ಒಂದು ದೊಡ್ಡ ಪ್ಲೇಟ್ ಓಡುವಾಗ ಕೊಡುವುದು 40 ವೋಲ್ಟ್, ಅಂದರೆ 14 ಪ್ಲೇಟ್ ಸಾಲಾಗಿ ಜೋಡಿಸಬೇಕು. 5 ಎಚ್‌ಪಿ ಸೋಲಾರ್ ಸೆಟ್‌ನಲ್ಲಿ ಅಂಥ ಪ್ಲೇಟ್ 9 ಇದ್ದರೆ ನಡೆಯುತ್ತದೆ, ಯಾಕೆಂದರೆ ಅದರ ಮೋಟರ್‌ನ ವೈಂಡಿಂಗೇ ಕಡಿಮೆ ವೋಲ್ಟೇಜಿಗೆ ಮಾಡಿದ್ದು. ಹಳೆ ಮೋಟರ್‌ಗೆ 9 ಪ್ಲೇಟ್ ಕಟ್ಟಿಕೊಟ್ಟು ಹೋದರೆ ಅದು ಮಧ್ಯಾಹ್ನವೂ ಏದುಸಿರು ಬಿಡುತ್ತದೆ. ಜೊತೆಗೆ ಹೀಗೆ ಸ್ವಂತಕ್ಕೆ ಮಾಡಿಸಿದರೆ ಸಬ್ಸಿಡಿ ಇಲ್ಲ.

## ದುಡ್ಡು, ಅರ್ಜಿ

ಸಬ್ಸಿಡಿ ಎಷ್ಟು? ನಾನು ಕೈಯಿಂದ ಎಷ್ಟು ಹಾಕಬೇಕು?

ಕೇಂದ್ರದ ಪಿಎಂ-ಕುಸುಮ್ ಯೋಜನೆ 2019ರಲ್ಲಿ ಶುರುವಾಗಿದ್ದು. ಅದರ ‘ಬಿ’ ಭಾಗ ನಮ್ಮ ನಿಮ್ಮಂಥವರ ಒಂಟಿ ಪಂಪ್‌ಸೆಟ್‌ಗೆ. ಕೇಂದ್ರ ಶೇ. 30 ಕೊಡುತ್ತದೆ, ರಾಜ್ಯ ಕನಿಷ್ಠ 30 ಕೊಡಬೇಕು. ಕರ್ನಾಟಕ ತನ್ನ ಪಾಲನ್ನು 50ಕ್ಕೆ ಏರಿಸಿದ್ದರಿಂದ ಇಲ್ಲಿ ರೈತರ ಪಾಲು ಶೇ. 20. ನಿಗದಿಯಾದ ದರದಲ್ಲಿ ಲಕ್ಷಕ್ಕೆ 20 ಸಾವಿರ. ಕೇಂದ್ರದ ನೆರವಿನ ಲೆಕ್ಕ 7.5 ಎಚ್‌ಪಿಗೆ ನಿಲ್ಲುತ್ತದೆ. ಅದಕ್ಕಿಂತ ದೊಡ್ಡದು ಹಾಕಿಸಿಕೊಂಡರೆ ಮೇಲಿನ ಹೊರೆ ಹೆಚ್ಚು.

ಇದರ ಹೊರಗೆ ಬರುವ ಖರ್ಚನ್ನು ಯಾರೂ ಹೇಳುವುದಿಲ್ಲ. ತೊಟ್ಟಿ, ಹೊಲಕ್ಕೆ ಹೋಗುವ ಪೈಪ್‌ಲೈನ್, ಬೇಲಿ ಇವೆಲ್ಲ ನಿಮ್ಮದು. ಡ್ರಿಪ್‌ಗೆ ಬೇರೆ ಸಬ್ಸಿಡಿ ಇದೆ, ತೋಟಗಾರಿಕೆ ಅಥವಾ ಕೃಷಿ ಇಲಾಖೆಯಲ್ಲಿ ಕೇಳಿ. ಎರಡೂ ಅರ್ಜಿ ಒಟ್ಟಿಗೆ ಹಾಕಿದರೆ ಒಂದೇ ಹಂಗಾಮಿನಲ್ಲಿ ಕೆಲಸ ಮುಗಿಯುತ್ತದೆ.

ಅರ್ಜಿ ಎಲ್ಲಿ ಹಾಕೋದು? ಒಬ್ಬರು ಫೋನ್ ಮಾಡಿ 5,000 ಕಟ್ಟಿ, ಮಂಜೂರು ಮಾಡಿಸ್ತೀವಿ ಅಂದ್ರು.

ಕಟ್ಟಬೇಡಿ. ಕುಸುಮ್ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡಿ ನೋಂದಣಿ ಶುಲ್ಕ ಅಂತ ದುಡ್ಡು ಕೀಳುವವರ ಬಗ್ಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಹಲವು ಸಲ ಎಚ್ಚರಿಕೆ ಕೊಟ್ಟಿದೆ. ವಾಟ್ಸಾಪ್‌ನಲ್ಲಿ ಬಂದ ಲಿಂಕ್, ಯಾರದೋ ಹೆಸರಿನ ಯುಪಿಐ ಕೋಡ್ ಎರಡೂ ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಕರ್ನಾಟಕದಲ್ಲಿ ಅರ್ಜಿ ಹೋಗುವುದು ‘ಸೌರಮಿತ್ರ’ ಪೋರ್ಟಲ್ ಮೂಲಕ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ಪಹಣಿಯಲ್ಲಿ ಇನ್ನೂ ತೀರಿಹೋದ ಅಪ್ಪನ ಹೆಸರೋ, ಜಂಟಿ ಖಾತೆಯೋ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಎಷ್ಟೋ ಅರ್ಜಿಗಳು ಕೂತಿರುವುದು ಇದೇ ಕಾರಣಕ್ಕೆ. ಯೋಜನೆಯ ಅವಧಿಯನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದ್ದರು, ಹಾಗಾಗಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ, ಯಾವ ಷರತ್ತಿನ ಮೇಲೆ ಅಂತ ನಿಮ್ಮ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಕೇಳಿಕೊಂಡೇ ಮುಂದೆ ಹೋಗಿ.

ಈಗಿರುವ ಕರೆಂಟ್ ಕನೆಕ್ಷನ್ ಹಾಗೇ ಇಟ್ಕೊಂಡು ಸೋಲಾರೂ ತಗೋಬಹುದಾ?

‘ಬಿ’ ಭಾಗ ಇರುವುದೇ ಲೈನ್ ಮುಟ್ಟದ ಹೊಲಗಳಿಗೆ. ಕನೆಕ್ಷನ್ ಇರುವವರಿಗೆ ‘ಸಿ’ ಭಾಗ. ಅದರಲ್ಲಿ ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಘಟಕ ಹಾಕಿ, ಪಂಪ್‌ಸೆಟ್ ಫೀಡರ್‌ಗೆ ಹಗಲು ಕರೆಂಟ್ ಬಿಡುತ್ತಾರೆ. 2025ರಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಇಂಥ ಘಟಕ ಉದ್ಘಾಟನೆಯಾಯಿತು. ನಿಮ್ಮ ಫೀಡರ್ ಆ ಪಟ್ಟಿಯಲ್ಲಿದ್ದರೆ ನೀವು ಏನೂ ಹಾಕಿಸಬೇಕಿಲ್ಲ, ಕಾಯುವುದೇ ಲಾಭ.

## ಹಾಕಿಸುವಾಗ, ಹಾಕಿಸಿದ ಮೇಲೆ

ಪ್ಲೇಟ್ ಎಲ್ಲಿ ನಿಲ್ಲಿಸಬೇಕು? ಎಷ್ಟು ಜಾಗ ಹೋಗುತ್ತೆ?

5 ಎಚ್‌ಪಿಗೆ ಅರ್ಧ ಗುಂಟೆ ಬಿಟ್ಟುಕೊಟ್ಟರೆ ಧಾರಾಳ. ಮುಖ ದಕ್ಷಿಣಕ್ಕೆ. ದಕ್ಷಿಣದ ಬದಿಯಲ್ಲಿ ತೆಂಗು, ಬೇವು, ಪಂಪ್‌ಹೌಸ್ ಇರಬಾರದು. ಜೂನ್‌ನಲ್ಲಿ ಜಾಗ ನೋಡಿ ನೆರಳಿಲ್ಲ ಅಂತ ನಿಲ್ಲಿಸಿದರೆ ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಜಾರಿ ಅದೇ ಮರದ ನೆರಳು ಪ್ಲೇಟಿನ ಮೇಲೆ ಬೀಳುತ್ತದೆ. ಪ್ಲೇಟುಗಳು ಸಾಲಾಗಿ ಜೋಡಿಸಿರುವುದರಿಂದ ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಶಕ್ತಿ ಇಳಿಯುತ್ತದೆ. ಇನ್ನೊಂದು, ಕಂಬದ ಗುಂಡಿಗೆ ಕಾಂಕ್ರೀಟ್ ಹಾಕುವ ದಿನ ನೀವು ಅಲ್ಲೇ ಇರಿ. ಏಪ್ರಿಲ್-ಮೇನ ಗಾಳಿ ಮಳೆಗೆ ಮಗುಚಿದ ಸ್ಟ್ಯಾಂಡ್ ನೋಡಿದ್ದೇನೆ. ಗುಂಡಿ ಮೊಣಕಾಲುದ್ದವೂ ಇರಲಿಲ್ಲ.

ಬೆಳಗ್ಗೆ ಚೆನ್ನಾಗಿ ಬರುತ್ತೆ, 12 ಗಂಟೆಗೆ ಬಂದ್. ಮತ್ತೆ ಅರ್ಧ ಗಂಟೆಗೆ ಬರುತ್ತೆ. ಮೋಟರ್ ಹೋಯ್ತಾ?

ಮೋಟರ್ ಚೆನ್ನಾಗಿದೆ, ಬೋರ್ ಖಾಲಿಯಾಗಿದೆ. ನಡು ಮಧ್ಯಾಹ್ನ ಮೋಟರ್ ಪೂರ್ತಿ ವೇಗದಲ್ಲಿ ಎಳೆಯುತ್ತದೆ, ಬೋರಿಗೆ ಅಷ್ಟು ನೀರು ಬರುವುದಿಲ್ಲ. ಕಂಟ್ರೋಲರ್ ಅದನ್ನು ಗುರುತಿಸಿ ನಿಲ್ಲಿಸುತ್ತದೆ. ನೀರು ಊರಿದ ಮೇಲೆ ತಾನೇ ಹಾಕಿಕೊಳ್ಳುತ್ತದೆ. ಪರದೆಯ ಮೇಲೆ ಡ್ರೈ ರನ್ ಅಂತ ಬಂದಿರುತ್ತದೆ, ಆ ಹೊತ್ತಿಗೆ ಹೋಗಿ ನೋಡಿ.

ದಿನಾ ಹೀಗಾದರೆ ಮೋಟರ್‌ಗೂ ಒಳ್ಳೆಯದಲ್ಲ, ಬೋರಿಗೂ ಅಲ್ಲ. ಮಣ್ಣು ಮರಳು ಎಳೆದುಕೊಳ್ಳುತ್ತದೆ. ಸರ್ವಿಸ್‌ನವರಿಗೆ ಹೇಳಿ ಕಂಟ್ರೋಲರ್‌ನಲ್ಲಿ ಗರಿಷ್ಠ ವೇಗ ಇಳಿಸಿಕೊಳ್ಳಿ, 50 ಹರ್ಟ್ಸ್ ಇದ್ದದ್ದನ್ನು 46-47ಕ್ಕೆ ತಂದು ನೋಡಿ. ಮಧ್ಯಾಹ್ನದ ನೀರು ಸ್ವಲ್ಪ ಸಣ್ಣಗಾಗುತ್ತದೆ, ಆದರೆ ನಿಲ್ಲದೆ ಬರುತ್ತದೆ. ಡ್ರೈ ರನ್ ರಕ್ಷಣೆಯನ್ನೇ ತೆಗೆದುಹಾಕಿಸುವ ಜನರೂ ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಪ್ಲೇಟ್ ತೊಳೆಯೋದು ಹೇಗೆ, ಎಷ್ಟು ದಿನಕ್ಕೆ?

ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಹತ್ತಿರ ಮಣ್ಣು ರಸ್ತೆ ಅಥವಾ ಕ್ರಷರ್ ಇದ್ದರೆ ಇನ್ನೂ ಬೇಗ. ಬೆಳಗ್ಗೆ ಬಿಸಿಲೇರುವ ಮುಂಚೆ ಮಾಡಿ, ಕಾದ ಗಾಜಿನ ಮೇಲೆ ತಣ್ಣೀರು ಎರಚಬೇಡಿ. ಹತ್ತಿ ಬಟ್ಟೆ ಅಥವಾ ಮೆತ್ತನೆ ವೈಪರ್ ಸಾಕು, ಸೋಪು ಪುಡಿ ಬೇಡ. ನಮ್ಮ ಕಡೆ ಬೋರ್ ನೀರು ಗಡಸು. ಅದನ್ನೇ ಸುರಿದು ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ತೊಳೆದ ತಕ್ಷಣ ಒರೆಸಿಬಿಡಿ. ಪ್ಲೇಟಿನ ಮೇಲೆ ಹತ್ತಿ ನಿಲ್ಲುವ ಹುಡುಗರನ್ನು ಬೈದು ಇಳಿಸಿ. ಮೇಲೆ ಕಾಣದ ಬಿರುಕು ಒಳಗೆ ಬಿಡುತ್ತದೆ.

ಸಿಡಿಲು, ಕಳ್ಳರು ಇವಕ್ಕೆಲ್ಲ ಏನು ಮಾಡೋದು?

ಸಿಡಿಲಿಗೆ ಮಿಂಚುವಾಹಕ ಮತ್ತು ಅರ್ಥಿಂಗ್ ಇರಲೇಬೇಕು, ಸೆಟ್‌ನ ಜೊತೆಗೇ ಬರುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಆಗಾಗ ಎರಡು ಬಿಂದಿಗೆ ನೀರು ಸುರಿಯಿರಿ. ಗುಡುಗು ಶುರುವಾದರೆ ಡಿಸಿ ಸ್ವಿಚ್ ಆಫ್ ಮಾಡಿ.

ಕಳ್ಳತನಕ್ಕೆ, ಮೊದಲ ಐದು ವರ್ಷ ವಿಮೆ ಇರುತ್ತದೆ. ಪ್ಲೇಟ್ ಅಥವಾ ಕೇಬಲ್ ಹೋದ ದಿನವೇ ಪೊಲೀಸರಿಗೆ ದೂರು ಕೊಟ್ಟು ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ, ಕಂಪನಿಗೂ ಬರಹದಲ್ಲಿ ತಿಳಿಸಿ. ಬೋಲ್ಟ್‌ಗಳಿಗೆ ವೆಲ್ಡಿಂಗ್ ಚುಕ್ಕಿ ಹಾಕಿಸಿಬಿಡುವುದು ಅಗ್ಗದ ಉಪಾಯ.

ಇದರ ಜೊತೆ ಒಂದು ಗಂಭೀರ ಮಾತು. ಪ್ಲೇಟಿನ ಕಡೆಯ ವೈರ್‌ನಲ್ಲಿ ಬಿಸಿಲಿರುವಷ್ಟು ಹೊತ್ತೂ ಮುನ್ನೂರು, ಆರುನೂರು ವೋಲ್ಟ್ ಡಿಸಿ ಇರುತ್ತದೆ. ಮೋಟರ್ ಓಡುತ್ತಿರುವಾಗ ಪ್ಲೇಟಿನ ಹಿಂದಿನ ಜೋಡಣೆ ಎಳೆದರೆ ಬೆಂಕಿಯ ಕಿಡಿ ಆರದೆ ಉರಿಯುತ್ತದೆ. ಇಲಿ ಕಡಿದ ವೈರ್‌ಗೆ ನೀವೇ ಟೇಪ್ ಸುತ್ತಲು ಹೋಗಬೇಡಿ.

ಮೂರು ವರ್ಷಕ್ಕೆ ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ?

ಐದು ವರ್ಷದ ತನಕ ಹಾಕಿಕೊಟ್ಟ ಕಂಪನಿಯದ್ದೇ ಜವಾಬ್ದಾರಿ, ನೀವು ಕೊಟ್ಟ ದುಡ್ಡಿನಲ್ಲೇ ನಿರ್ವಹಣೆಯೂ ಸೇರಿದೆ. ಪ್ಲೇಟಿಗೆ ಮಾತ್ರ 25 ವರ್ಷದ ಮಾತು ಇದೆ, ಅಷ್ಟು ವರ್ಷದ ಕೊನೆಗೂ ಶೇ. 80ರಷ್ಟು ಶಕ್ತಿ ಇರಬೇಕು. ಬೇಗ ಕೈಕೊಡುವುದು ಕಂಟ್ರೋಲರ್. ಅದನ್ನು ನೇರ ಬಿಸಿಲಲ್ಲಿ ತೂಗುಹಾಕದೆ ಪ್ಲೇಟಿನ ನೆರಳಿಗೆ ಕಟ್ಟಿಸಿ.

ಕಂಪನಿ ಆರಿಸುವಾಗ ಒಂದೇ ಪ್ರಶ್ನೆ ಕೇಳಿ, ನಿಮ್ಮ ಸರ್ವಿಸ್ ಹುಡುಗ ಯಾವ ಊರಿನಲ್ಲಿರುತ್ತಾನೆ? ಬೆಂಗಳೂರು ಅಂದರೆ ಯೋಚಿಸಿ. ನಿಮ್ಮ ತಾಲ್ಲೂಕಿನಲ್ಲಿ ಅದೇ ಕಂಪನಿಯ ಸೆಟ್ ಹಾಕಿಸಿದ ಇಬ್ಬರ ಹೊಲಕ್ಕೆ ಹೋಗಿ ನೋಡಿ ಬನ್ನಿ. ದೂರು ಕೊಟ್ಟಾಗ ನಂಬರ್ ಬರೆದಿಟ್ಟುಕೊಳ್ಳಿ, ಬರೀ ಫೋನಿನ ಮಾತು ಮಾಡಬೇಡಿ. ಪೆಟ್ಟಿಗೆಯೊಳಗೆ ಸಿಮ್ ಹಾಕಿದ ಉಪಕರಣ ಇರುತ್ತದೆ. ಮೋಟರ್ ಎಷ್ಟು ಓಡಿತು, ಯಾವತ್ತು ನಿಂತಿತು ಅನ್ನುವುದೆಲ್ಲ ಅದರಲ್ಲಿ ದಾಖಲಾಗುತ್ತದೆ, ವಾದ ಬಂದಾಗ ಅದು ನಿಮ್ಮ ಪರವಾದ ಸಾಕ್ಷಿ.

## ಒಂದೆರಡು ಬೆಳೆ ತೆಗೆದವರ ಪ್ರಶ್ನೆಗಳು

ಬೆಳಗ್ಗೆ ಡ್ರಿಪ್‌ಗೆ ಪ್ರೆಷರ್ ಬರಲ್ಲ. ಕೊನೆ ಗಿಡಗಳು ಒಣಗ್ತಿವೆ.

ಹಳೆ ಕರೆಂಟ್ ಮೋಟರ್ ಲೆಕ್ಕದಲ್ಲಿ ವಾಲ್ವ್ ಹಂಚಿರುತ್ತೀರಿ, ಒಂದು ವಾಲ್ವ್‌ಗೆ ಒಂದು ಎಕರೆ. ಸೋಲಾರ್‌ನ 9 ಗಂಟೆಯ ನೀರು ಅಷ್ಟನ್ನು ತುಂಬಿಸುವುದಿಲ್ಲ. ಒಂದೊಂದು ವಾಲ್ವ್ ಪಾಲಿನ ಜಾಗ ಚಿಕ್ಕದು ಮಾಡಿ, ಎಕರೆಗೆ ಮೂರೋ ನಾಲ್ಕೋ ವಾಲ್ವ್ ಇಡಿ. ಬೆಳಗ್ಗೆ ಒಂದು ವಾಲ್ವ್, 11ಕ್ಕೆ ಎರಡು, ಮಧ್ಯಾಹ್ನ ಮೂರು, ಸಂಜೆ ಮತ್ತೆ ಒಂದು. ದಿನಾ ಸರದಿ ಬದಲಿಸಿ, ಇಲ್ಲದಿದ್ದರೆ ಬೆಳಗಿನ ಸಾಲಿಗೆ ಯಾವತ್ತೂ ಕಡಿಮೆಯೇ. ಗೊಬ್ಬರ ಬಿಡುವುದಿದ್ದರೆ 11ರಿಂದ 2ರ ಒಳಗೆ ಬಿಡಿ, ಗೊಬ್ಬರದ ನೀರನ್ನು ಪೈಪಿಗೆ ಸೇರಿಸುವ ವೆಂಚುರಿ ಎಳೆಯುವುದು ಪ್ರೆಷರ್ ಇದ್ದಾಗ ಮಾತ್ರ.

ಇದೆಲ್ಲ ತಾಪತ್ರಯ ಬೇಡ ಅಂದರೆ ನೀರನ್ನು ತೊಟ್ಟಿಗೆ ಎತ್ತಿ ಅಲ್ಲಿಂದ ಬಿಡಿ. ಆದರೆ 10 ಮೀಟರ್ ಎತ್ತರಕ್ಕೆ ಒಂದು ಕೆ.ಜಿ. ಪ್ರೆಷರ್ ಅನ್ನುವುದು ಲೆಕ್ಕ, 10 ಅಡಿ ಕಟ್ಟೆಯ ಮೇಲಿನ ತೊಟ್ಟಿಯಿಂದ ಸಿಗುವುದು 0.3 ಅಷ್ಟೇ. ಅದಕ್ಕೆ ಸಣ್ಣ ಉದ್ದದ ಲ್ಯಾಟರಲ್ (ಗಿಡದ ಸಾಲಿನ ಡ್ರಿಪ್ ಪೈಪ್), ಕಡಿಮೆ ಪ್ರೆಷರ್‌ಗೆ ನಡೆಯುವ ಡ್ರಿಪ್ಪರ್ ಬೇಕು. ಹೊಲದಲ್ಲೇ ಎತ್ತರದ ದಿಬ್ಬ ಇದ್ದರೆ ತೊಟ್ಟಿ ಅಲ್ಲಿ ಕಟ್ಟಿಸಿ.

ನೀರು ಬೇಡದ ತಿಂಗಳುಗಳಲ್ಲಿ ಆ ಕರೆಂಟ್ ಸುಮ್ನೆ ಹೋಗುತ್ತಲ್ಲ?

ಮಾಮೂಲಿ ಕಂಟ್ರೋಲರ್ ಆದರೆ ಹೋಗುತ್ತದೆ. ಯುನಿವರ್ಸಲ್ ಕಂಟ್ರೋಲರ್ ಅಂತ ಒಂದಿದೆ, ಅದರಿಂದ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿಯಂಥವನ್ನೂ ಓಡಿಸಬಹುದು. ಎರಡು ಹಸು ಇದ್ದವರಿಗೆ ಮೇವಿನ ಯಂತ್ರವೇ ಉಪಯೋಗಕ್ಕೆ ಬರುತ್ತದೆ. ಅರ್ಜಿ ಹಾಕುವಾಗಲೇ ಕೇಳಬೇಕು. ಆಮೇಲೆ ನಿಮಗೆ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ವೈರ್ ಎಳೆಸಿ ಮನೆಗೆ ಲೈಟ್ ಹಾಕಿಕೊಂಡರೆ ವಾರಂಟಿ ಹೋಯಿತು.

ಮಿಕ್ಕ ಕರೆಂಟ್ ಮಾರಿ ದುಡ್ಡು ಮಾಡಬಹುದಂತಲ್ಲ?

ಲೈನಿಗೆ ಜೋಡಿಸಿದ ಕಡೆ ಆಗಿದೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಅನ್ನುವ ಹಳ್ಳಿಯಲ್ಲಿ 2016ರಲ್ಲಿ ಆರು ಜನ ರೈತರು ಸೇರಿ ಸೋಲಾರ್ ನೀರಾವರಿ ಸಹಕಾರ ಸಂಘ ಕಟ್ಟಿದರು. ಬಳಸಿ ಉಳಿದ ಕರೆಂಟನ್ನು ಅಲ್ಲಿನ ವಿದ್ಯುತ್ ಕಂಪನಿ ಯೂನಿಟ್‌ಗೆ 4.63 ರೂಪಾಯಿ ಕೊಟ್ಟು ಕೊಂಡುಕೊಂಡಿತು. ನಮ್ಮಲ್ಲಿ 2014ರಲ್ಲೇ ‘ಸೂರ್ಯ ರೈತ’ ಬಂದಿತ್ತು, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಮುನ್ನೂರಷ್ಟು ಪಂಪ್‌ಸೆಟ್ ಹೀಗೆ ಜೋಡಿಸುವ ಯೋಜನೆ. ಆದರೆ ‘ಬಿ’ ಭಾಗದ ಒಂಟಿ ಸೆಟ್‌ಗೆ ಲೈನೇ ಇಲ್ಲ, ಮಾರುವ ಮಾತೇ ಬರುವುದಿಲ್ಲ. ಮಾರಬಹುದು ಅಂತ ಹೇಳಿ ಸೆಟ್ ಮಾರಲು ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿ.

ಖರ್ಚಿಲ್ಲದ ನೀರು ಅಂತ ಎಲ್ಲರೂ ಎತ್ತಿದರೆ ಅಂತರ್ಜಲದ ಗತಿ ಏನು?

ಭಯ ಸರಿಯಾಗಿಯೇ ಇದೆ. ಫ್ರೀ ಕರೆಂಟ್ ಬಂದಾಗಲೂ ಇದೇ ಆಗಿದ್ದು. ಅಂತರ್ಜಲ ಬತ್ತಿದ ವಲಯಗಳಲ್ಲಿ ಹೊಸ ಸೋಲಾರ್ ಪಂಪ್ ಕೊಡಬಾರದು, ಇರುವ ಡೀಸೆಲ್ ಪಂಪ್ ಬದಲಿಸಬಹುದು, ಅದೂ ಡ್ರಿಪ್ ಅಥವಾ ತುಂತುರು ನೀರಾವರಿ ಇದ್ದರೆ ಅಂತ ಕುಸುಮ್ ಮಾರ್ಗಸೂಚಿಯೇ ಹೇಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರದವರು ಇದನ್ನು ಕೇಳಿಕೊಂಡೇ ಮುಂದುವರಿಯಿರಿ.

ಹೊಲದ ಮಟ್ಟದಲ್ಲಿ ಹೇಳುವುದಾದರೆ, ಸೋಲಾರ್‌ಗೆ ರಾತ್ರಿ ಇಲ್ಲದಿರುವುದು ಬೋರಿಗೆ ಅನುಕೂಲ. ಹದಿನಾರು ಗಂಟೆ ಬಿಡುವು ಸಿಗುತ್ತದೆ, ನೀರು ಊರುತ್ತದೆ. ಕರೆಂಟ್ ಬಂದಾಗಲೆಲ್ಲ ತಾನೇ ಓಡುವ ಆಟೊ ಸ್ಟಾರ್ಟರ್‌ಗಿಂತ ಇದು ಮೇಲು. ಆದರೆ ತೊಟ್ಟಿ ತುಂಬಿ ಹರಿಯುತ್ತಿದ್ದರೂ ಮೋಟರ್ ಬಿಟ್ಟಿರುವವರು ಇದ್ದಾರೆ. ತೊಟ್ಟಿಗೆ ಒಂದು ಫ್ಲೋಟ್ ಸ್ವಿಚ್ ಹಾಕಿ ಕಂಟ್ರೋಲರ್‌ಗೆ ಕೊಡಿಸಿ, ತುಂಬಿದಾಗ ತಾನೇ ನಿಲ್ಲುತ್ತದೆ. ಬೋರಿನ ಸುತ್ತ ಇಂಗುಗುಂಡಿ ಮಾಡಿಸುವುದಿದ್ದರೆ ಪ್ಲೇಟಿನಿಂದ ಜಾರುವ ಮಳೆ ನೀರನ್ನೂ ಅದಕ್ಕೆ ತಿರುಗಿಸಿ. ಗುಂಡಿಯಲ್ಲಿ ಜಲ್ಲಿ, ಮರಳಿನ ಪದರ ಇರಲೇಬೇಕು. ಕೆಸರು ನೀರು ನೇರ ಕೇಸಿಂಗ್‌ಗೆ ಹೋದರೆ ಬೋರ್ ಕೆಡುತ್ತದೆ.

ಬೋರ್ ಬತ್ತಿಹೋಯ್ತು. ಅದೇ ಸೆಟ್ ಹೊಸ ಬೋರಿಗೆ ಹಾಕ್ಕೋಬಹುದಾ?

ಬಯಲುಸೀಮೆಯಲ್ಲಿ ಇದು ಬೇಗ ಬರುವ ಪ್ರಶ್ನೆ. ಪ್ಲೇಟ್, ಸ್ಟ್ಯಾಂಡ್, ಕಂಟ್ರೋಲರ್ ಎಲ್ಲ ಬಿಚ್ಚಿ ಸಾಗಿಸಬಹುದು. ಆದರೆ ಸಬ್ಸಿಡಿಯಲ್ಲಿ ಬಂದದ್ದು, ಯಾವ ಸರ್ವೆ ನಂಬರಿಗೆ ಮಂಜೂರಾಗಿದೆಯೋ ಅಲ್ಲಿಂದ ಹೇಳದೆ ಕೇಳದೆ ಕಿತ್ತರೆ ತೊಂದರೆ. ಮೊದಲು ನಿಮ್ಮ ವಿದ್ಯುತ್ ಕಂಪನಿ (ಎಸ್ಕಾಂ) ಕಚೇರಿಗೆ ಅರ್ಜಿ ಬರೆದು ಒಪ್ಪಿಗೆ ಪಡೆಯಿರಿ, ಕಂಪನಿಯವರ ಕೈಯಲ್ಲೇ ಬಿಚ್ಚಿಸಿ, ಇಲ್ಲದಿದ್ದರೆ ವಾರಂಟಿ ನಿಲ್ಲುತ್ತದೆ.

ಪಂಪ್ ಮಾತ್ರ ಹಾಗೇ ಹೊಂದಿಕೊಳ್ಳುತ್ತದೆ ಅಂದುಕೊಳ್ಳಬೇಡಿ. ಪಂಪಿನೊಳಗೆ ನೀರನ್ನು ಹಂತ ಹಂತವಾಗಿ ಮೇಲಕ್ಕೆ ತಳ್ಳುವ ಭಾಗಗಳಿಗೆ ಸ್ಟೇಜ್ ಅನ್ನುತ್ತಾರೆ. 300 ಅಡಿಗೆ ಅಂತ ಮಾಡಿದ ಪಂಪ್‌ನ ಸ್ಟೇಜ್‌ಗಳು 600 ಅಡಿಯಿಂದ ನೀರು ತಳ್ಳುವುದಿಲ್ಲ, ಜಾಸ್ತಿ ಸ್ಟೇಜ್‌ನ ಪಂಪ್ ಬೇಕು. ಪ್ಲೇಟ್ ಅಷ್ಟೇ ಇರುವುದರಿಂದ ನೀರೂ ಅರ್ಧಕ್ಕಿಳಿಯುತ್ತದೆ. ಹೊಸ ಬೋರಿನ ನೀರನ್ನು ಡ್ರಮ್ ಇಟ್ಟು ಅಳೆದು, ಮಟ್ಟ ನೋಡಿಸಿ, ಆ ಎರಡು ಅಂಕಿ ಬರೆದುಕೊಂಡು ಹೋಗಿ ಪಂಪ್ ಬದಲಿಸುವ ಮಾತಾಡಿ.